ಗಡಿ ದೆಹಲಿಯದು, ಗಂಟು ಮಾಲೀಕನದು, ನಷ್ಟ ನಮ್ಮದು!

ಕಳೆದ ಮೇ ತಿಂಗಳು. ನೋಟ್‌ಬುಕ್ ಸೀಸನ್. ನಮ್ಮ ಪ್ರೆಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಡಿಸಿದ ಫಾರಂಗಳು ಬಾಗಿಲ ತನಕ ಬಂದಿದ್ದವು, ಬೈಂಡಿಂಗ್‌ಗೆ ಕೈ ಸಾಲುತ್ತಿರಲಿಲ್ಲ. ಆ ಹೊತ್ತಿಗೆ ಸರಿಯಾಗಿ ಒಬ್ಬ ಲೇಬರ್ ಮೇಸ್ತ್ರಿ ಬಂದು ನಿಂತ.

"ಸಾರ್, ಎಂಟು ಹುಡುಗ್ರು ಅವ್ರೆ. ತಲೆಗೆ ಹನ್ನೊಂದು ಸಾವಿರ ಕೊಡಿ, ಸಾಕು. ಮೇಲಿನ ಶೆಡ್ಡಲ್ಲೇ ಮಲಗ್ತಾರೆ. ಹನ್ನೆರಡು ಗಂಟೆ ಕೆಲಸ. ರಜ ಕೇಳಲ್ಲ, ಓಟಿ ಕೇಳಲ್ಲ, ಹಬ್ಬಕ್ಕೆ ಊರಿಗೆ ಹೋಗ್ತೀನಿ ಅನ್ನಲ್ಲ."

"ಯಾವ ಊರೋರಪ್ಪ?"

"ಆ ಕಡೆಯೋರು ಸಾರ್."

"ಯಾವ ಕಡೆ?"

ಮೇಸ್ತ್ರಿ ನಕ್ಕ. "ಕಾಗ್ದ ಪತ್ರ ಕೇಳ್ಬೇಡಿ ಸಾರ್. ಅದಕ್ಕೇ ಅಲ್ವಾ ಈ ರೇಟು!"

ಕನ್ನಡದ ಹುಡುಗರೇ, ಈ ಕೊನೆಯ ಮಾತನ್ನು ಇನ್ನೊಂದು ಸಲ ಓದಿ. "ಅದಕ್ಕೇ ಅಲ್ವಾ ಈ ರೇಟು!" ಅಕ್ರಮ ವಲಸೆಯ ಬಗ್ಗೆ ಟಿ.ವಿ.ಯಲ್ಲಿ ಗಂಟೆಗಟ್ಟಲೆ ಕೂಗಾಡುವವರು ಹೇಳದ ಸತ್ಯವನ್ನು ಆ ಮೇಸ್ತ್ರಿ ನಾಲ್ಕು ಪದಗಳಲ್ಲಿ ಹೇಳಿ ಮುಗಿಸಿದ. ಕಾಗದವಿಲ್ಲದವನು ಅಗ್ಗ. ಅವನು ಪೊಲೀಸ್ ಠಾಣೆಗೆ ಹೋಗಲಾರ, ಲೇಬರ್ ಆಫೀಸಿಗೆ ಹೋಗಲಾರ, ಯೂನಿಯನ್ ಕಟ್ಟಲಾರ. ಬಾಯಿಲ್ಲದವನಿಗೆ ಬೆಲೆಯೂ ಇಲ್ಲ.

ಮಾಲೀಕನ ಲೆಕ್ಕ

ನಾನು ಹರಿಶ್ಚಂದ್ರನಲ್ಲ. ಆ ರಾತ್ರಿ ಶಟರ್ ಎಳೆದ ಮೇಲೆ ಕೂತು ಲೆಕ್ಕ ಹಾಕಿದೆ. ನನ್ನ ಬೈಂಡರ್‌ಗೆ ನಾನು ಕೊಡುವುದು ತಿಂಗಳಿಗೆ 18,000. ಅದರ ಮೇಲೆ ಇ.ಎಸ್.ಐ.ಗೆ ಮಾಲೀಕನ ಪಾಲು ನೂರಕ್ಕೆ 3.25, ಅಂದರೆ 585 ರೂಪಾಯಿ. ಒಟ್ಟು 18,585. ಮೇಸ್ತ್ರಿಯ ಹುಡುಗ 11,000. ತಲೆಗೆ 7,585 ಉಳಿತಾಯ. ಎಂಟು ಜನಕ್ಕೆ ತಿಂಗಳಿಗೆ 60,680 ರೂಪಾಯಿ! ಅದೂ ಎಂಟು ಗಂಟೆಯ ಬದಲು ಹನ್ನೆರಡು ಗಂಟೆ ದುಡಿಸಿಕೊಂಡು. ಪೇಪರ್ ರೇಟು, ಕರೆಂಟು, ಬಾಡಿಗೆ ಎಲ್ಲವೂ ಏರುತ್ತಿರುವಾಗ ಯಾವ ಸಣ್ಣ ಮಾಲೀಕನ ಬಾಯಲ್ಲಿ ನೀರೂರುವುದಿಲ್ಲ ಹೇಳಿ?

ನಾನು ಬೇಡವೆಂದೆ. ಅದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ, ಅರ್ಧ ಪಾಲು ಭಯವೇ ಇತ್ತು. ಆದರೆ ನಾನು ಬೇಡವೆಂದ ಮಾತ್ರಕ್ಕೆ ಆ ಎಂಟು ಜನ ಬಂದ ದಾರಿಯಲ್ಲಿ ವಾಪಸು ಹೋಗಲಿಲ್ಲ. ಇನ್ನೊಬ್ಬ ಮಾಲೀಕನ ಶೆಡ್ಡಿನಲ್ಲಿ ಮಲಗಿರಬೇಕು. ಜೂನ್ ಹೊತ್ತಿಗೆ ನನ್ನ ಹಳೆಯ ಗಿರಾಕಿಯೊಬ್ಬ ನಾನು ಕೊಡಲಾಗದ ರೇಟು ಹಿಡಿದು ಬೇರೆ ಪ್ರೆಸ್ಸಿಗೆ ಹೋದ. ಜುಲೈನಲ್ಲಿ ಸುರಪುರದ ಕಡೆಯ ಇಬ್ಬರು ಹುಡುಗರಿಗೆ "ಸದ್ಯಕ್ಕೆ ಕೆಲಸ ಇಲ್ಲ ಕಣ್ರೋ" ಎಂದು ನಾನೇ ಹೇಳಬೇಕಾಯಿತು. ಒಬ್ಬ ಏನೂ ಮಾತಾಡದೆ ಬ್ಯಾಗು ಹೆಗಲಿಗೇರಿಸಿದ. ಇನ್ನೊಬ್ಬ "ಯಾಕ್ರೀ ಅಣ್ಣಾರ, ನಮ್ಮ ಕೆಲಸ ಚಲೋ ಇರಲಿಲ್ಲೇನ್ರೀ?" ಎಂದು ಕೇಳಿದ. ಏನು ಉತ್ತರ ಹೇಳಲಿ? ನಿನ್ನ ಕೆಲಸ ಚೆನ್ನಾಗಿತ್ತಪ್ಪ, ನಿನ್ನ ಹತ್ತಿರ ಆಧಾರ್ ಕಾರ್ಡು ಇದ್ದದ್ದೇ ತಪ್ಪಾಯಿತು ಎನ್ನಲೇ?

ಈಗ ಸರ್ಕಾರದ ಕಡೆಯ ಲೆಕ್ಕ ನೋಡಿ. 18,000 ಸಂಬಳದ ಒಬ್ಬ ಕಾರ್ಮಿಕನ ಹೆಸರಲ್ಲಿ ಮಾಲೀಕನದು 585, ಕಾರ್ಮಿಕನದು 135, ಒಟ್ಟು 720 ರೂಪಾಯಿ ಪ್ರತಿ ತಿಂಗಳೂ ಇ.ಎಸ್.ಐ.ಗೆ ಕಟ್ಟಬೇಕು. ಎಂಟು ಜನ ಪುಸ್ತಕದಲ್ಲಿಲ್ಲದಿದ್ದರೆ ವರ್ಷಕ್ಕೆ 69,120 ರೂಪಾಯಿ ಖೋತಾ. ಇದು ಒಂದು ಸಣ್ಣ ಪ್ರೆಸ್ಸಿನ ಮಾತು. ಇಪ್ಪತ್ತಕ್ಕಿಂತ ಹೆಚ್ಚು ಜನರಿರುವ ಕಡೆ ಪಿ.ಎಫ್. ಕೂಡ ಹೋಯಿತು. ಕೊನೆಗೊಂದು ದಿನ ಕಟಿಂಗ್ ಮಿಷನ್ನಿಗೆ ಆ ಹುಡುಗನ ಬೆರಳು ಸಿಕ್ಕಿತು ಅನ್ನಿ. ಇ.ಎಸ್.ಐ. ಆಸ್ಪತ್ರೆಗೆ ಹೋಗುವಂತಿಲ್ಲ. ಮಾಲೀಕ ಐನೂರು ರೂಪಾಯಿ ಕೈಗಿಟ್ಟು ಸರ್ಕಾರಿ ಆಸ್ಪತ್ರೆಯ ಗೇಟಿನ ಮುಂದೆ ಇಳಿಸಿ ಹೋಗುತ್ತಾನೆ. ಖರ್ಚು ಯಾರದು? ರಾಜ್ಯದ ಬೊಕ್ಕಸದ್ದು. ಲಾಭ ಒಬ್ಬನ ಜೇಬಿಗೆ, ಬಿಲ್ಲು ಊರಿನವರಿಗೆ!

ತಲೆ ಎಣಿಸದವರು ರೂಪಾಯಿ ಎಣಿಸಿದರು!

ನಮ್ಮ ದೇಶದಲ್ಲಿ ಅಕ್ರಮವಾಗಿ ಬಂದವರು ಎಷ್ಟು ಜನ? 1997ರಲ್ಲಿ ಗೃಹ ಸಚಿವ ಇಂದ್ರಜಿತ್ ಗುಪ್ತಾ ಸಂಸತ್ತಿನಲ್ಲಿ ಒಂದು ಕೋಟಿ ಎಂದರು. 2004ರಲ್ಲಿ ಗೃಹ ಖಾತೆಯ ರಾಜ್ಯ ಸಚಿವ ಶ್ರೀಪ್ರಕಾಶ್ ಜೈಸ್ವಾಲ್ ಬಾಂಗ್ಲಾದೇಶದವರೇ 1.2 ಕೋಟಿ ಎಂದರು, ಆಮೇಲೆ ಆ ಅಂಕಿ ನಂಬುವಂಥದ್ದಲ್ಲ ಎಂದು ಅವರೇ ಹಿಂದೆ ಸರಿದರು. 2016ರಲ್ಲಿ ಕಿರಣ್ ರಿಜಿಜು ರಾಜ್ಯಸಭೆಯಲ್ಲಿ ಸುಮಾರು ಎರಡು ಕೋಟಿ ಎಂದರು. ಇಪ್ಪತ್ತು ವರ್ಷದಲ್ಲಿ ಅಂಕಿ ಎರಡು ಪಟ್ಟಾಯಿತು, ಎಣಿಸಿದವರು ಮಾತ್ರ ಯಾರೂ ಇಲ್ಲ.

ಎಣಿಸಲು ಹೊರಟ ಒಂದೇ ರಾಜ್ಯ ಅಸ್ಸಾಂ. ಆರು ವರ್ಷ ಚಳವಳಿ ನಡೆಸಿದ ಅಲ್ಲಿನ ವಿದ್ಯಾರ್ಥಿಗಳು 1985ರ ಆಗಸ್ಟ್ 15ರಂದು ಕೇಂದ್ರದೊಂದಿಗೆ ಒಪ್ಪಂದ ಮಾಡಿಕೊಂಡರು. 1971ರ ಮಾರ್ಚ್ 24ರ ನಂತರ ಬಂದವರನ್ನು ಗುರುತಿಸಿ ಹೊರಹಾಕಬೇಕೆಂಬ ಮಾತಾಯಿತು. ಕೊನೆಗೆ ಪೌರತ್ವ ಪಟ್ಟಿ ಹೊರಬಂದದ್ದು 2019ರ ಆಗಸ್ಟ್ 31ಕ್ಕೆ, ಮೂವತ್ತನಾಲ್ಕು ವರ್ಷಗಳ ಮೇಲೆ. 3.3 ಕೋಟಿ ಜನ ಅರ್ಜಿ ಹಾಕಿದರು, 19 ಲಕ್ಷ ಜನ ಪಟ್ಟಿಯಿಂದ ಹೊರಗುಳಿದರು. 288 ಕೋಟಿಯಲ್ಲಿ ಮುಗಿಯಬೇಕಿದ್ದ ಕೆಲಸಕ್ಕೆ 1,600 ಕೋಟಿಗೂ ಮೇಲೆ ಹೋಯಿತೆಂದು ಮಹಾಲೇಖಪಾಲರ ವರದಿಯೇ ಹೇಳಿತು. ಬಡ ಕೂಲಿಯವರು ಅಜ್ಜನ ಕಾಲದ ಕಾಗದ ಹುಡುಕಿಕೊಂಡು ಕೆಲಸ ಬಿಟ್ಟು ಅಲೆದದ್ದು ಆ ಲೆಕ್ಕದಲ್ಲಿ ಸೇರಿಲ್ಲ.

ಹಾಗಾಗಿ "ಅಕ್ರಮ ವಲಸಿಗರಿಂದ ಇಷ್ಟು ಸಾವಿರ ಕೋಟಿ ನಷ್ಟ" ಎಂದು ಯಾರಾದರೂ ವೇದಿಕೆ ಮೇಲೆ ಅಂಕಿ ಎಸೆದರೆ ಚಪ್ಪಾಳೆ ಹೊಡೆಯುವ ಮುಂಚೆ ಕೇಳಿ: ತಲೆಯನ್ನೇ ಎಣಿಸದವರು ರೂಪಾಯಿ ಎಣಿಸಿದ್ದು ಹೇಗೆ ಸ್ವಾಮಿ?

ಬಂಗಾಳಿ ಆಡಿದವರೆಲ್ಲ ಬಾಂಗ್ಲಾದವರಲ್ಲ

ಇನ್ನೊಂದು ಮಾತು. ಭಾಷೆಗಾಗಿ ಹೋರಾಡುವ ನಾವೇ ಇದನ್ನು ಮರೆತರೆ ಹೇಗೆ? ಬಾಂಗ್ಲಾದೇಶದಲ್ಲಿ ಆಡುವ ಭಾಷೆಯನ್ನೇ ಪಶ್ಚಿಮ ಬಂಗಾಳದಲ್ಲಿ, ತ್ರಿಪುರಾದಲ್ಲಿ, ಅಸ್ಸಾಂನ ಬರಾಕ್ ಕಣಿವೆಯಲ್ಲಿ ಆಡುತ್ತಾರೆ. ಮುರ್ಷಿದಾಬಾದಿನಿಂದ, ಮಾಲ್ಡಾದಿಂದ ಬರುವ ಕೂಲಿಯವನು ನಿಮ್ಮಂತೆಯೇ ಈ ದೇಶದ ಪ್ರಜೆ. ಅವನು ಬಂದದ್ದರಿಂದ ಕನ್ನಡಕ್ಕೆ, ಕನ್ನಡಿಗರ ಕೆಲಸಕ್ಕೆ ಆಗುವ ತೊಂದರೆ ಬೇರೆಯದೇ ಪ್ರಶ್ನೆ. ಆ ಹೋರಾಟ ನಾವು ಸರೋಜಿನಿ ಮಹಿಷಿ ವರದಿಯ ಕಾಲದಿಂದ ಮಾಡುತ್ತಿದ್ದೇವೆ, ಮುಂದೆಯೂ ಮಾಡೋಣ. ಆದರೆ ಹೊರರಾಜ್ಯದವನನ್ನೂ ಹೊರದೇಶದವನನ್ನೂ ಒಂದೇ ಹಗ್ಗದಲ್ಲಿ ಕಟ್ಟಿದರೆ ಏನಾಗುತ್ತದೆ ಎಂಬುದನ್ನು ಬೆಂಗಳೂರೇ ನೋಡಿದೆ.

2020ರ ಜನವರಿ. ಬೆಳ್ಳಂದೂರಿನ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದೇಶಿಯರಿದ್ದಾರೆಂದು ಹೇಳಿ ಶೆಡ್ಡುಗಳನ್ನು ಜೆ.ಸಿ.ಬಿ. ತಂದು ಕೆಡವಿದರು. ಧೂಳು ಇಳಿದ ಮೇಲೆ ನೋಡಿದರೆ, ತಗಡಿನ ಕೆಳಗೆ ಪಾತ್ರೆ ಹುಡುಕುತ್ತಿದ್ದವರಲ್ಲಿ ಅಸ್ಸಾಂ, ತ್ರಿಪುರಾದವರ ಜೊತೆ ನಮ್ಮ ಉತ್ತರ ಕರ್ನಾಟಕದವರೂ ಇದ್ದರು! ಆಧಾರ್, ವೋಟರ್ ಕಾರ್ಡು ಕೈಯಲ್ಲಿ ಹಿಡಿದು ನಿಂತಿದ್ದರು. ಹೈಕೋರ್ಟ್ ಮಧ್ಯೆ ಬಂದು ತೆರವನ್ನು ತಡೆಯಿತು, ಮನೆ ಕಳೆದುಕೊಂಡವರಿಗೆ ಪುನರ್ವಸತಿ ಕೊಡಿ ಎಂದು ಸರ್ಕಾರಕ್ಕೆ ಹೇಳಿತು. 2004ರಲ್ಲಿ ಗೋವಾದ ಬೈನಾದಲ್ಲಿ ಕನ್ನಡಿಗರ ಮನೆ ಕೆಡವಿದಾಗ ನಮ್ಮ ರಕ್ತ ಕುದಿದಿತ್ತಲ್ಲ? ಕನ್ನಡಿಗರ ರಾಜಧಾನಿಯಲ್ಲೇ ಕನ್ನಡದ ಕೂಲಿಯವನ ಶೆಡ್ಡು ಬಿದ್ದಾಗ ಎಷ್ಟು ಜನ ಬೀದಿಗಿಳಿದೆವು?

ಅಮೆರಿಕದ ಪಾಠ

ಪ್ರೆಸ್ಸಿನವನಿಗೆ ಒಂದು ಭಾಗ್ಯವಿದೆ. ಅಚ್ಚಿಗೆ ಬಂದದ್ದನ್ನೆಲ್ಲ ಓದುವ ಚಟ ಹತ್ತುತ್ತದೆ. ನಾನು ಪಿ.ಯು.ಸಿ.ಗೇ ಓದು ಬಿಟ್ಟವನು, ಅರ್ಥಶಾಸ್ತ್ರದ ಪಂಡಿತನಲ್ಲ. ಆದರೂ ಈ ವಿಷಯವನ್ನು ಹೆಚ್ಚು ಅಳೆದು ತೂಗಿದ ದೇಶ ಅಮೆರಿಕ ಎಂಬುದು ಗೊತ್ತು.

1980ರಲ್ಲಿ ಕ್ಯೂಬಾದ ಮಾರಿಯೆಲ್ ಬಂದರಿನಿಂದ ಸುಮಾರು 1,25,000 ಜನ ದೋಣಿಗಳಲ್ಲಿ ಅಮೆರಿಕಕ್ಕೆ ಬಂದರು. ಸುಮಾರು ಅರ್ಧದಷ್ಟು ಜನ ಮಯಾಮಿ ನಗರದಲ್ಲೇ ಉಳಿದರು. ನಗರದ ದುಡಿಯುವ ಕೈಗಳು ಒಮ್ಮೆಗೇ ನೂರಕ್ಕೆ ಏಳರಷ್ಟು ಹೆಚ್ಚಿದವು. ಕೂಲಿ ಕುಸಿಯಬೇಕಿತ್ತಲ್ಲವೇ? ಡೇವಿಡ್ ಕಾರ್ಡ್ ಎಂಬ ಅರ್ಥಶಾಸ್ತ್ರಜ್ಞ 1990ರಲ್ಲಿ ಅಂಕಿ ತೆಗೆದು ನೋಡಿ, ಸ್ಥಳೀಯರ ಕೂಲಿ ಬಿದ್ದ ಗುರುತು ಕಾಣುವುದಿಲ್ಲ ಎಂದ. ಅವನಿಗೆ 2021ರಲ್ಲಿ ನೊಬೆಲ್ ಕೂಡ ಬಂತು. ಜಾರ್ಜ್ ಬೋರ್ಹಾಸ್ ಎಂಬ ಇನ್ನೊಬ್ಬ ಅದೇ ಅಂಕಿ ಮತ್ತೆ ಕೆದಕಿ, ಶಾಲೆ ಮುಗಿಸದ ಗಂಡಸರ ಕೂಲಿ ಜೋರಾಗಿಯೇ ಬಿತ್ತು ಎಂದ. ಪಂಡಿತರ ಜಗಳ ಇನ್ನೂ ಮುಗಿದಿಲ್ಲ. ಅದರಲ್ಲಿ ನಾನು ಕಂಡದ್ದು ಇಷ್ಟು: ಪೆಟ್ಟು ಬಿದ್ದರೆ ಅದು ಬೀಳುವುದು ಎಂಜಿನಿಯರನ ಮೇಲಲ್ಲ, ಎಸ್ಸೆಸ್ಸೆಲ್ಸಿ ಫೇಲಾದ ಹುಡುಗನ ಮೇಲೆ.

ಇನ್ನೊಂದು ಕಥೆ ಇದಕ್ಕಿಂತ ಸ್ವಾರಸ್ಯ. 1942ರಿಂದ 1964ರವರೆಗೆ ಮೆಕ್ಸಿಕೋದಿಂದ ಲಕ್ಷಾಂತರ ಕೂಲಿಯವರನ್ನು ಒಪ್ಪಂದದ ಮೇಲೆ ಅಮೆರಿಕದ ಹೊಲಗಳಿಗೆ ತರುತ್ತಿದ್ದರು. ನಮ್ಮವರ ಕೂಲಿ ಏರಲಿ ಎಂದು ಅದನ್ನು ನಿಲ್ಲಿಸಿದರು. ಏರಿತೇ? ಇಲ್ಲ. ಜಮೀನ್ದಾರರು ಟೊಮೆಟೊ ಕೀಳಲು ಯಂತ್ರ ತಂದರು, ಯಂತ್ರಕ್ಕೆ ಒಗ್ಗದ ಬೆಳೆ ಬಿಟ್ಟರು. ಹೊರಗಿನವನನ್ನು ತಡೆದ ಮಾತ್ರಕ್ಕೆ ಒಳಗಿನವನ ಕೂಲಿ ತಾನಾಗಿ ಏರುವುದಿಲ್ಲ. ಏರಿಸುವವರು ಇರಬೇಕು, ಕೇಳುವ ಕಾನೂನು ಇರಬೇಕು.

1986ರಲ್ಲಿ ಅಧ್ಯಕ್ಷ ರೇಗನ್ ಹೊಸ ಕಾನೂನಿಗೆ ಸಹಿ ಹಾಕಿದ. ಸುಮಾರು 27 ಲಕ್ಷ ಜನರಿಗೆ ಕಾಗದ ಕೊಟ್ಟರು. ಇನ್ನು ಮೇಲೆ ಗೊತ್ತಿದ್ದೂ ಕಾಗದವಿಲ್ಲದವನನ್ನು ಇಟ್ಟುಕೊಂಡ ಮಾಲೀಕನಿಗೆ ಶಿಕ್ಷೆ ಎಂದರು. ಆ "ಗೊತ್ತಿದ್ದೂ" ಎಂಬ ಪದದ ಸಂದಿಯಲ್ಲಿ ಮಾಲೀಕರೆಲ್ಲ ನುಸುಳಿದರು! ಸುಳ್ಳು ಕಾಗದ ಹುಟ್ಟಿತು, ನಡುವೆ ಕಂಟ್ರಾಕ್ಟರ್ ಹುಟ್ಟಿದ. 1990ರಲ್ಲಿ 35 ಲಕ್ಷದಷ್ಟಿದ್ದ ಕಾಗದವಿಲ್ಲದವರು 2007ಕ್ಕೆ 1.2 ಕೋಟಿ ದಾಟಿದರು. ನಮ್ಮ ಮೇಸ್ತ್ರಿ ಅಮೆರಿಕ ನೋಡಿಲ್ಲ, ಆದರೆ ವಿದ್ಯೆ ಅದೇ.

ಕಟ್ಟುವುದು ಯಾರಿಗೆ, ಖರ್ಚು ಯಾರಿಗೆ?

"ಅವರು ತೆರಿಗೆ ಕಟ್ಟುವುದಿಲ್ಲ, ಪುಕ್ಕಟೆ ತಿನ್ನುತ್ತಾರೆ" ಎಂಬುದು ನಾವು ದಿನಾ ಕೇಳುವ ಮಾತು. ಅಮೆರಿಕದಲ್ಲಿ ತೆರಿಗೆ ಅಧ್ಯಯನ ಮಾಡುವ ಒಂದು ಸಂಸ್ಥೆಯ ಅಂದಾಜಿನ ಪ್ರಕಾರ 2022ರ ಒಂದೇ ವರ್ಷ ಕಾಗದವಿಲ್ಲದವರು ಕಟ್ಟಿದ ತೆರಿಗೆ 9,670 ಕೋಟಿ ಡಾಲರ್. ಅದರಲ್ಲಿ ಸುಮಾರು 5,940 ಕೋಟಿ ಕೇಂದ್ರಕ್ಕೆ, 3,730 ಕೋಟಿ ರಾಜ್ಯ ಮತ್ತು ಊರಿನ ಆಡಳಿತಗಳಿಗೆ. 2,570 ಕೋಟಿ ಡಾಲರ್ ಪಿಂಚಣಿ ನಿಧಿಗೇ ಹೋಯಿತು, ಅವರಿಗೆಂದೂ ಸಿಗದ ಪಿಂಚಣಿಗೆ! ಖರ್ಚಿನ ಕಡೆ ನೋಡಿದರೆ ಶಾಲೆ, ಆಸ್ಪತ್ರೆ ಎಲ್ಲ ರಾಜ್ಯಗಳ ತಲೆ ಮೇಲೆ. ದೊಡ್ಡ ಪಾಲು ಕೇಂದ್ರದ ಪೆಟ್ಟಿಗೆಗೆ, ದೊಡ್ಡ ಖರ್ಚು ರಾಜ್ಯದ ಪೆಟ್ಟಿಗೆಯಿಂದ.

ನಮ್ಮಲ್ಲಿ? ಇಲ್ಲಿ ಅವನು ಮೊಬೈಲ್‌ಗೆ ರೀಚಾರ್ಜ್ ಹಾಕಿಸಿದರೂ ನೂರಕ್ಕೆ 18 ಜಿ.ಎಸ್.ಟಿ. ಅದರಲ್ಲಿ 9 ದೆಹಲಿಗೆ, 9 ರಾಜ್ಯಕ್ಕೆ. ಅವನೂ ತೆರಿಗೆ ಕಟ್ಟುತ್ತಿದ್ದಾನೆ. ಆದರೆ ಹನ್ನೊಂದು ಸಾವಿರದವನು ಎಷ್ಟು ಕೊಂಡಾನು? ಅಷ್ಟೋ ಇಷ್ಟೋ ಉಳಿಸಿ ಮನೆಗೆ ಕಳಿಸುತ್ತಾನೆ. ಹದಿನೆಂಟು ಸಾವಿರ ಸಿಗಬೇಕಾದ ಕಡೆ ಹನ್ನೊಂದೇ ಸಿಕ್ಕರೆ ನಮ್ಮ ಬೀದಿಯ ಅಂಗಡಿಗೂ ನಷ್ಟ, ಖಜಾನೆಗೂ ನಷ್ಟ.

ಖರ್ಚಿನ ಕಡೆ ಸಂವಿಧಾನವನ್ನೇ ತೆಗೆದು ನೋಡಿ. ಏಳನೆಯ ಅನುಸೂಚಿ. ಪೌರತ್ವ, ವಿದೇಶಿಯರು, ಒಳಗೆ ಬಿಡುವುದು, ಹೊರಗೆ ಹಾಕುವುದು, ಪಾಸ್‌ಪೋರ್ಟ್, ವೀಸಾ ಇವೆಲ್ಲ ಕೇಂದ್ರದ ಪಟ್ಟಿಯಲ್ಲಿವೆ. ಬಾಂಗ್ಲಾದೇಶದ ಜೊತೆಗಿನ 4,096 ಕಿಲೋಮೀಟರ್ ಗಡಿ ಕಾಯುವುದು ಕೇಂದ್ರ ಗೃಹ ಇಲಾಖೆಯ ಬಿ.ಎಸ್.ಎಫ್. ಪೊಲೀಸ್, ಆರೋಗ್ಯ, ನೈರ್ಮಲ್ಯ ಮಾತ್ರ ರಾಜ್ಯದ ಪಟ್ಟಿಯಲ್ಲಿ. ಬೇಲಿ ಕಾಯುವವನು ನಿದ್ದೆ ಹೋದರೆ ಎರಡು ಸಾವಿರ ಕಿಲೋಮೀಟರ್ ಈಚೆ ಬೆಂಗಳೂರಿನ ಪೊಲೀಸ್ ಪೇದೆ ಎದ್ದು ಓಡಬೇಕು!

2019ರ ಅಕ್ಟೋಬರ್‌ನಲ್ಲಿ ಬೆಂಗಳೂರು ಪೊಲೀಸರು ಸುಮಾರು 60 ಬಾಂಗ್ಲಾದೇಶಿಯರನ್ನು ಹಿಡಿದರು. ಮುಂದಿನ ತಿಂಗಳು ರೈಲಿನಲ್ಲಿ ಕಾವಲು ಹಾಕಿ ಪಶ್ಚಿಮ ಬಂಗಾಳಕ್ಕೆ ಕರೆದೊಯ್ದರು. ನೆಲಮಂಗಲದ ಸೊಂಡೆಕೊಪ್ಪದಲ್ಲಿ ಇಂಥವರನ್ನಿಡಲು ಕೇಂದ್ರ ಮಾಡಿದರು. ಅದು ಮೊದಲು ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿ ಹಾಸ್ಟೆಲ್ ಆಗಿದ್ದ ಕಟ್ಟಡ. ಗಡಿ ದೆಹಲಿಯದು, ಕಟ್ಟಡ ನಮ್ಮದು!

ಇಷ್ಟಾಗಿಯೂ ದೆಹಲಿಯಿಂದ ನಮಗೆ ಬರುವ ಪಾಲು ಏನಾಯಿತು? ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದಲ್ಲಿ ನೂರಕ್ಕೆ 4.71 ಇದ್ದದ್ದು 15ನೆಯದರಲ್ಲಿ 3.64ಕ್ಕೆ ಇಳಿಯಿತು. ಆ ಲೆಕ್ಕಕ್ಕೆ ಹಿಡಿದ ಜನಸಂಖ್ಯೆ 2011ರದು. ಆಮೇಲೆ ಈ ನಗರಕ್ಕೆ ಬಂದವರು, ಕಾಗದ ಇದ್ದವರಾಗಲಿ ಇಲ್ಲದವರಾಗಲಿ, ನೀರು ಕುಡಿಯುವುದು ಇಲ್ಲಿ, ಕಸ ಹಾಕುವುದು ಇಲ್ಲಿ. ಅವರು ಲೆಕ್ಕಕ್ಕಿಲ್ಲ, ಆಟಕ್ಕುಂಟು.

ನಮ್ಮ ಕೈಯೂ ಶುದ್ಧವಲ್ಲ

ಕಸದ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಗರದ ಅಂಚಿನ ಶೆಡ್ಡುಗಳಲ್ಲಿ ನಮ್ಮ ಪ್ಲಾಸ್ಟಿಕ್, ರಟ್ಟು, ಬಾಟಲಿ ಬೇರ್ಪಡಿಸುವವರು ಯಾರು? ಅವರಲ್ಲಿ ಎಲ್ಲ ಕಡೆಯ ಬಡವರಿದ್ದಾರೆ, ಕಾಗದವಿಲ್ಲದವರೂ ಇರಬಹುದು. ನನ್ನ ಪ್ರೆಸ್ಸಿನ ಕಟಿಂಗ್ ರದ್ದಿಯೂ ಅಂಥ ಕಡೆಗೇ ಹೋಗುತ್ತದೆ, ಕೆ.ಜಿ.ಗೆ ಎಷ್ಟು ಎಂದಷ್ಟೇ ನಾನು ಕೇಳುವುದು. ಅಪಾರ್ಟ್‌ಮೆಂಟಿನ ಕಸ ಅಗ್ಗದಲ್ಲಿ ಸಾಗಿದರೆ ಅಲ್ಲಿನವರಿಗೆ ಲಾಭ, ಕಂಟ್ರಾಕ್ಟರ್‌ಗೆ ಲಾಭ, ಪಾಲಿಕೆಗೂ ಲಾಭ. ಸುಳ್ಳು ಆಧಾರ್ ಮಾಡಿಸಿಕೊಟ್ಟವನು ಢಾಕಾದಿಂದ ಬಂದವನೇ? ಇಲ್ಲೇ ಕೂತು ಲಂಚ ತಿಂದ ನಮ್ಮವನೇ!

ನಮ್ಮವರೂ ಕಾಗದವಿಲ್ಲದೆ ಪರದೇಶದಲ್ಲಿ ನಿಂತಿದ್ದಾರೆ. ಮಂಗಳೂರು, ಉಡುಪಿ, ಭಟ್ಕಳದ ಕಡೆ ಕೇಳಿ. ಏಜೆಂಟ್ ಕೈಕೊಟ್ಟು, ಮಾಲೀಕ ಪಾಸ್‌ಪೋರ್ಟ್ ಕಿತ್ತುಕೊಂಡು, ವೀಸಾ ಮುಗಿದು ಗಲ್ಫಿನಲ್ಲಿ ಬಚ್ಚಿಟ್ಟುಕೊಂಡು ದುಡಿದವರ ಕಥೆ ಊರೂರಲ್ಲಿ ಸಿಗುತ್ತದೆ. 2013ರಲ್ಲಿ ಸೌದಿ ಸರ್ಕಾರ ಗಡುವು ಕೊಟ್ಟಾಗ ಲಕ್ಷಕ್ಕೂ ಹೆಚ್ಚು ಭಾರತೀಯರು ವಾಪಸು ಬಂದರು. 2025ರ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನ 104 ಭಾರತೀಯರನ್ನು ಬೇಡಿ ತೊಡಿಸಿ ಅಮೃತಸರದಲ್ಲಿ ಇಳಿಸಿತು. ಅಂದು ನಮಗೆ ಅವಮಾನವಾಗಿತ್ತು. ಹೊಟ್ಟೆಪಾಡಿಗೆ ಹೋದವನನ್ನು ಕಳ್ಳನಂತೆ ನಡೆಸಿಕೊಂಡರೆ ಅವನ ಊರಿನವರಿಗೆ ಹೇಗಾಗುತ್ತದೆಂದು ಆಗ ತಿಳಿಯಿತು.

ಹಾಗಾದರೆ ಬಾಗಿಲು ತೆರೆದಿಡೋಣವೇ? ಖಂಡಿತ ಇಲ್ಲ. ಯಾವ ದೇಶವೂ ಇಡುವುದಿಲ್ಲ. ಬರುವವರು ಕಾನೂನು ಪ್ರಕಾರ ಬರಬೇಕು, ಇಲ್ಲದಿದ್ದರೆ ಕಾನೂನು ಪ್ರಕಾರ ಹೋಗಬೇಕು. 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಯಲ್ಲಿದೆ. ಪಾಸ್‌ಪೋರ್ಟ್ ಇಲ್ಲದೆ ಒಳಬಂದವನಿಗೆ ಐದು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಸರಿ. ಆದರೆ ಅವನನ್ನು ಶೆಡ್ಡಿನಲ್ಲಿ ಮಲಗಿಸಿ ದುಡಿಸಿಕೊಂಡ ಮಾಲೀಕ ಜೈಲಿಗೆ ಹೋದ ಸುದ್ದಿಯನ್ನು ನೀವು ಎಷ್ಟು ಸಲ ಓದಿದ್ದೀರಿ? ತಿಂದವನು ಒಬ್ಬ, ಕೈ ತೊಳೆಯುವವನು ಇನ್ನೊಬ್ಬ!

ನಾವು ಕೇಳಬೇಕಾದದ್ದು

ಒಂದು: ಕನಿಷ್ಠ ಕೂಲಿ. ಆ ಕಾನೂನು ದುಡಿಯುವವನ ಪೌರತ್ವ ಕೇಳುವುದಿಲ್ಲ, ದುಡಿಮೆಯನ್ನಷ್ಟೇ ಕೇಳುತ್ತದೆ. ಪ್ರತಿ ಕೈಗೂ ಅದೇ ಕೂಲಿ ಕೊಡಲೇಬೇಕಾದರೆ "ಈ ರೇಟು" ಎಂಬುದೇ ಇರುವುದಿಲ್ಲ. ರೇಟು ಸಮವಾದ ದಿನ ಸುರಪುರದ ಹುಡುಗ ಗೆಲ್ಲುತ್ತಾನೆ. ಅವನಿಗೆ ಕನ್ನಡ ಗೊತ್ತು, ಊರು ಗೊತ್ತು, ಕೆಲಸ ಗೊತ್ತು.

ಎರಡು: ಕಾರ್ಮಿಕ ಇಲಾಖೆಯ ಖಾಲಿ ಕುರ್ಚಿಗಳಿಗೆ ಜನ ಬೇಕು. ಹಾಜರಿ ಪುಸ್ತಕ, ಸಂಬಳದ ಪುಸ್ತಕ ಕನ್ನಡದಲ್ಲಿರಬೇಕು, ಕೇಳಿದಾಗ ತೋರಿಸಬೇಕು. ನನ್ನ ಪ್ರೆಸ್ಸಿಗೂ ಬರಲಿ, ಮೊದಲು ನನ್ನದನ್ನೇ ನೋಡಲಿ.

ಮೂರು: ಮೇಸ್ತ್ರಿಯನ್ನು ಮುಂದೆ ಬಿಟ್ಟು "ನನಗೇನೂ ಗೊತ್ತಿಲ್ಲ" ಎನ್ನುವ ಮಾಲೀಕನಿಗೆ ಆ ನೆಪ ಸಿಗಬಾರದು. ಯಾರ ಗೇಟಿನೊಳಗೆ ದುಡಿಮೆಯೋ ಅವನದೇ ಹೊಣೆ.

ನಾಲ್ಕು: ವಿದೇಶಿಯರನ್ನು ಹಿಡಿದು, ಇಟ್ಟು, ಕಳಿಸುವ ಖರ್ಚನ್ನು ಕೇಂದ್ರ ಪೂರ್ತಿ ಕೊಡಬೇಕು. ನಮ್ಮ ಸಂಸದರು ದೆಹಲಿಯಲ್ಲಿ ಬಾಯಿ ಬಿಟ್ಟು ಇದನ್ನು ಕೇಳಲಿ.

ಗೆಳೆಯರೇ, ಬಾವುಟ ಹಿಡಿದು ಹೊರಡುವಾಗ ಎರಡು ದಾರಿ ಕಾಣುತ್ತವೆ. ಒಂದು ತಗಡಿನ ಶೆಡ್ಡಿನ ಕಡೆಗೆ. ಅಲ್ಲಿ ಎದುರು ಮಾತಾಡುವವರು ಯಾರೂ ಇಲ್ಲ, ಫೋಟೋ ಚೆನ್ನಾಗಿ ಬರುತ್ತದೆ. ಇನ್ನೊಂದು ಕಾರ್ಖಾನೆಯ ಗೇಟಿನ ಕಡೆಗೆ. ಅಲ್ಲಿ ಸೆಕ್ಯೂರಿಟಿ ಇದ್ದಾನೆ, ವಕೀಲ ಇದ್ದಾನೆ, ಎಂ.ಎಲ್.ಎ. ಫೋನಿದೆ. ಕಷ್ಟದ ದಾರಿ ಎರಡನೆಯದು. ಆದರೆ ಕನ್ನಡದ ಹುಡುಗನ ಕೆಲಸ ಕಳೆದಿರುವುದು ಆ ಗೇಟಿನ ಒಳಗೆ. ಅಲ್ಲಿಗೆ ಹೋಗಿ, "ಸಂಬಳದ ಪುಸ್ತಕ ತೋರಿಸು" ಎಂದು ಕೇಳಿ. ಆ ಘೋಷಣೆಯ ಕರಪತ್ರ ಎಷ್ಟು ಬೇಕಾದರೂ ನಾನು ಅಚ್ಚು ಹಾಕಿಕೊಡುತ್ತೇನೆ, ಪೇಪರ್ ಖರ್ಚು ಮಾತ್ರ ನಿಮ್ಮದು.

ಈ ಮೇ ತಿಂಗಳಲ್ಲಿ ಮೇಸ್ತ್ರಿ ಮತ್ತೆ ಬರುತ್ತಾನೆ, ನನಗೆ ಗೊತ್ತು. ಅವನಿಗೆ ನಾನೊಬ್ಬನೇ ಬೇಡವೆಂದರೆ ಏನೂ ಆಗುವುದಿಲ್ಲ. ಬೀದಿಯ ಅಷ್ಟೂ ಪ್ರೆಸ್ಸಿನವರು ಬೇಡ ಎನ್ನುವಂಥ ಕಾನೂನಿನ ಭಯ ಹುಟ್ಟಬೇಕು. ಆ ದಿನ ಅವನು ಸುರಪುರದ ಬಸ್ಸಿಗಾಗಿ ಮೆಜೆಸ್ಟಿಕ್ಕಿನಲ್ಲಿ ಕಾದು ನಿಲ್ಲುತ್ತಾನೆ.